ಬಿಡಿ ಎನ್ನುವ ಅರ್ಜಿ, ಹಿಡಿಯಿರಿ ಎನ್ನುವ ಅರ್ಜಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟಿನ ನನ್ನ ನೆರೆಹೊರೆಯವರೆಲ್ಲರಿಗೆ,

ನೀವು ಎರಡು ಅರ್ಜಿಗಳಿಗೆ ನನ್ನ ಸಹಿ ಕೇಳಿದ್ದೀರಿ. ಒಂದರಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದ ಹುಲಿ, ಸಿಂಹ, ಚಿರತೆಗಳನ್ನು ಬಂಧನದಿಂದ ಬಿಡಿಸಿ ಅಭಯಾರಣ್ಯಕ್ಕೆ ಕಳಿಸಬೇಕು ಎಂದಿದೆ. ಇನ್ನೊಂದರಲ್ಲಿ ತುರಹಳ್ಳಿ ಕಾಡಿನ ಅಂಚಿಗೆ ಬಂದ ಚಿರತೆಯನ್ನು ಕೂಡಲೇ ಬೋನಿಟ್ಟು ಹಿಡಿದು ದೂರ ಸಾಗಿಸಬೇಕು ಎಂದಿದೆ. ಎರಡರ ಕೆಳಗೂ ಹೆಚ್ಚುಕಡಿಮೆ ಅವೇ ಹೆಸರುಗಳಿವೆ. ಪಂಜರದಲ್ಲಿರುವುದನ್ನು ಕಾಡಿಗೆ ಬಿಡಿ, ಕಾಡಿನಲ್ಲಿರುವುದನ್ನು ಪಂಜರಕ್ಕೆ ಹಾಕಿ ಎಂದು ಒಂದೇ ಕೈ ಬರೆದಿದೆ. ಎರಡೂ ಕಡೆ ನೀವು ಮನಸ್ಸಿಟ್ಟೇ ಸಹಿ ಮಾಡಿದ್ದೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಒಂದು ಕಡೆ ಕರುಣೆ, ಇನ್ನೊಂದು ಕಡೆ ಭಯ. ನಾನು ಎರಡಕ್ಕೂ ಸಹಿ ಹಾಕಲಿಲ್ಲ. ಯಾಕೆಂದು ಹೇಳುವುದು ನನ್ನ ಕರ್ತವ್ಯ.

ಮೊದಲ ಅರ್ಜಿಯ ಹಿಂದಿರುವ ಸಂಕಟ ನನಗೆ ಚೆನ್ನಾಗಿ ಗೊತ್ತು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು 365ನೇ ನಂಬರಿನ ಬಸ್ಸಿನಲ್ಲಿ ಅರೆಕೆರೆ, ಹುಳಿಮಾವು, ಗೊಟ್ಟಿಗೆರೆ ದಾಟಿ ಹೋದವರೆಲ್ಲ ಆ ನೋಟ ನೋಡಿರುತ್ತಾರೆ. ಜಾಲರಿಯ ಪಕ್ಕದಲ್ಲೇ ಹುಲಿ ಹೋಗುತ್ತದೆ, ತಿರುಗುತ್ತದೆ, ಬರುತ್ತದೆ, ಮತ್ತೆ ಅದೇ ಜಾಗದಲ್ಲಿ ತಿರುಗುತ್ತದೆ. ಅದರ ಹೆಜ್ಜೆಗೆ ಹುಲ್ಲು ಸತ್ತು ನೆಲದಲ್ಲಿ ಗೆರೆ ಬಿದ್ದಿರುತ್ತದೆ. ಮಕ್ಕಳು ಅದನ್ನು ನೋಡಿ ಹುಲಿ ವಾಕಿಂಗ್ ಮಾಡುತ್ತಿದೆ ಎನ್ನುತ್ತವೆ. ಅದು ವಾಕಿಂಗ್ ಅಲ್ಲ. ಸಣ್ಣ ಜಾಗದಲ್ಲಿ, ಮಾಡಲು ಕೆಲಸವಿಲ್ಲದೆ ವರ್ಷಗಟ್ಟಲೆ ಕೂಡಿಹಾಕಿದ ಪ್ರಾಣಿಯ ಮನಸ್ಸಿಗೆ ಹತ್ತಿದ ಕಾಯಿಲೆ. ಅದನ್ನು ಕಂಡು ಹೊಟ್ಟೆ ಚುರ್ ಎಂದವರು 'ಬಿಟ್ಟುಬಿಡಿ' ಎನ್ನದೆ ಇನ್ನೇನು ಹೇಳಿಯಾರು?

ಆದರೆ ಎಲ್ಲಿಗೆ ಬಿಡುವುದು? ಯಾರನ್ನು ಬಿಡುವುದು? ಬನ್ನೇರುಘಟ್ಟದ ಬೇಲಿಯೊಳಗಿರುವ ಹುಲಿ ಸಿಂಹಗಳೆಲ್ಲ ಎಲ್ಲೋ ಕಾಡಿನಲ್ಲಿ ಹಾಯಾಗಿದ್ದವು, ಯಾರೋ ಹಿಡಿದು ತಂದರು ಎಂದು ನಿಮ್ಮ ಅರ್ಜಿಯ ಪ್ರತಿ ಸಾಲೂ ನಂಬಿಕೊಂಡಿದೆ. ಅವುಗಳ ಕತೆ ಅದಲ್ಲ. 1998ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹುಲಿ, ಸಿಂಹ, ಚಿರತೆ, ಕರಡಿ, ಮಂಗಗಳನ್ನು ಆಟಕ್ಕೆ ಪಳಗಿಸಿ ಪ್ರದರ್ಶಿಸುವುದನ್ನು ನಿಷೇಧಿಸಿತು. ಸರ್ಕಸ್ ಮಾಲೀಕರು ಕೇರಳ ಹೈಕೋರ್ಟಿಗೆ ಹೋಗಿ 2000ದಲ್ಲಿ ಸೋತರು. 2001ರ ಮೇ 1ರಂದು ಸುಪ್ರೀಂ ಕೋರ್ಟ್ ಕೂಡ ನಿಷೇಧವನ್ನು ಎತ್ತಿಹಿಡಿಯಿತು. ಬೆಂಕಿಯ ಬಳೆಯೊಳಗೆ ಹಾರುತ್ತಿದ್ದ, ಸ್ಟೂಲಿನ ಮೇಲೆ ಕೂರುತ್ತಿದ್ದ ನೂರಾರು ಪ್ರಾಣಿಗಳು ಒಂದೇ ಏಟಿಗೆ ದಿಕ್ಕಿಲ್ಲದವಾದವು. ಅವಕ್ಕೆಂದು ಕೇಂದ್ರ ಮೃಗಾಲಯ ಪ್ರಾಧಿಕಾರ ತಿರುಪತಿ, ವಿಶಾಖಪಟ್ಟಣ, ಚೆನ್ನೈನ ವಂಡಲೂರು, ಜೈಪುರ, ಭೋಪಾಲಗಳಲ್ಲಿ ಆಶ್ರಯ ಕೇಂದ್ರಗಳನ್ನು ಮಾಡಿತು. ಆ ಸಾಲಿನಲ್ಲಿ ನಮ್ಮ ಬನ್ನೇರುಘಟ್ಟವೂ ಸೇರಿತು. ಬಂದವುಗಳಲ್ಲಿ ಎಷ್ಟೋ ಪ್ರಾಣಿಗಳಿಗೆ ಉಗುರಿರಲಿಲ್ಲ, ಹಲ್ಲು ಮುರಿದಿತ್ತು, ಮೂಳೆ ಸವೆದಿತ್ತು. ಸಿಂಹಗಳಂತೂ ಏಷ್ಯಾದ ಸಿಂಹವನ್ನೂ ಆಫ್ರಿಕಾದ ಸಿಂಹವನ್ನೂ ಸರ್ಕಸ್ಸಿನವರು ಕೂಡಿಸಿ ಬೆಳೆಸಿದ ಮಿಶ್ರತಳಿ. ಅವು ಗಿರ್ ಕಾಡಿಗೂ ಸಲ್ಲುವುದಿಲ್ಲ, ಸೆರೆಂಗೆಟಿಗೂ ಸಲ್ಲುವುದಿಲ್ಲ. ಜಗತ್ತಿನ ಯಾವ ಕಾಡೂ ಅವುಗಳ ತವರಲ್ಲ. ಮರಿ ಹಾಕದಂತೆ ನೋಡಿಕೊಂಡು, ಇರುವಷ್ಟು ದಿನ ಚೆನ್ನಾಗಿಟ್ಟು, ಆ ಸಂತತಿ ತಾನಾಗಿ ಮುಗಿಯಲು ಬಿಡುವುದು ಎಂದು ಪ್ರಾಧಿಕಾರ ತೀರ್ಮಾನಿಸಿತು. ಕೇಳಲು ಕಠಿಣವಾದರೂ ಆ ತೀರ್ಮಾನ ನ್ಯಾಯವಾದದ್ದು ಎಂದೇ ನಾನು ತಿಳಿದಿದ್ದೇನೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಯಾಕೆಂದರೆ ನಮ್ಮ ದಕ್ಷಿಣ ಬೆಂಗಳೂರಿನಲ್ಲೇ ಅನೇಕರಿಗೆ ಇದು ಗೊತ್ತಿಲ್ಲ. ಯುರೋಪಿನ ಸರ್ಕಸ್ಸು, ಮೃಗಾಲಯಗಳಲ್ಲಿ ಹೀನ ಸ್ಥಿತಿಯಲ್ಲಿದ್ದ ಕೆಲವು ಹುಲಿಗಳನ್ನು ವಿಮಾನದಲ್ಲಿ ತಂದು ಇದೇ ಬನ್ನೇರುಘಟ್ಟದಲ್ಲಿ ನೆಲೆಗೊಳಿಸಿದ್ದಾರೆ. ತಂದವರು ಬ್ರಿಟನ್ನಿನ ಬಾರ್ನ್ ಫ್ರೀ ಸಂಸ್ಥೆಯವರು. ಆ ಸಂಸ್ಥೆ ಕಟ್ಟಿದ ವರ್ಜೀನಿಯಾ ಮೆಕೆನ್ನಾ ಮತ್ತು ಬಿಲ್ ಟ್ರಾವರ್ಸ್ ದಂಪತಿ 1966ರ 'ಬಾರ್ನ್ ಫ್ರೀ' ಚಿತ್ರದ ನಾಯಕಿ, ನಾಯಕರು. ಕೀನ್ಯಾದಲ್ಲಿ ಎಲ್ಸಾ ಎಂಬ ಅನಾಥ ಸಿಂಹಿಣಿಯನ್ನು ಸಾಕಿ ಕಾಡಿಗೆ ಮರಳಿಸಿದ ಜಾಯ್ ಮತ್ತು ಜಾರ್ಜ್ ಆಡಮ್‌ಸನ್ ದಂಪತಿಯ ಕತೆ ಅದು. ಮೃಗಗಳ ಬಿಡುಗಡೆಗೆ ಇಡೀ ಬಾಳನ್ನೇ ಕೊಟ್ಟವರು ತಾವು ತಂದ ಹುಲಿಗಳನ್ನು ಬನ್ನೇರುಘಟ್ಟದ ಕಾಡಿನೊಳಗೆ ಬಿಡಲಿಲ್ಲ. ಮರ, ಹುಲ್ಲು, ನೀರು, ನೆರಳಿರುವ ವಿಶಾಲ ಆವರಣಕ್ಕೆ ಬಿಟ್ಟರು, ಸುತ್ತ ಬೇಲಿ ಇಟ್ಟರು. ಗರ್ಜಿಸುವ ಪ್ರಾಣಿಯ ಮೇಲೆ ಅವರಿಗಿದ್ದ ಪ್ರೀತಿ ನನಗೂ ನಿಮಗೂ ಇರುವುದಕ್ಕಿಂತ ಕಡಿಮೆಯಾಗಿರಲಾರದು. ಬೇಲಿ ಯಾಕೆ ಬೇಕು ಎಂಬುದು ಅವರಿಗೆ ಹತ್ತಿರದಿಂದ ಗೊತ್ತಿತ್ತು. ಆ ಚಿತ್ರದಲ್ಲಿ ನಟಿಸಿದ್ದ ಬಾಯ್ ಎಂಬ ಸಿಂಹವನ್ನು ಜಾರ್ಜ್ ಆಡಮ್‌ಸನ್ ಕಾಡಿಗೆ ಹೊಂದಿಸಲು ವರ್ಷಗಟ್ಟಲೆ ದುಡಿದರು. 1971ರಲ್ಲಿ ಅದು ಅವರ ಸಹಾಯಕನನ್ನೇ ಕೊಂದಿತು. ಆಡಮ್‌ಸನ್ ತಮ್ಮ ಕೈಯಾರೆ ಅದಕ್ಕೆ ಗುಂಡಿಟ್ಟರು.

ಬೋನಿನಲ್ಲಿ ಹುಟ್ಟಿದ ಹುಲಿ ಕಾಡಿಗೆ ಯಾಕೆ ಒಗ್ಗುವುದಿಲ್ಲ ಎಂಬುದಕ್ಕೆ ಉತ್ತರ ತಾಯಿಯಲ್ಲಿದೆ. ಕಾಡಿನಲ್ಲಿ ಮರಿ ಹೆಚ್ಚುಕಡಿಮೆ ಎರಡು ವರ್ಷ ತಾಯಿಯ ಬೆನ್ನಿಗಿರುತ್ತದೆ. ಗಾಳಿ ಎತ್ತಲಿಂದ ಬೀಸುತ್ತಿದೆ ಎಂದು ನೋಡುವುದು, ಹೊಂಚು ಹಾಕುವುದು, ಕಡವೆಯ ಕುತ್ತಿಗೆಗೆ ಎಲ್ಲಿ ಬಾಯಿ ಹಾಕಬೇಕೆಂದು ಕಲಿಯುವುದು, ಮುಳ್ಳುಹಂದಿಯನ್ನು ಕೆಣಕದಿರುವುದು, ಇನ್ನೊಂದು ಹುಲಿಯ ವಾಸನೆ ಸಿಕ್ಕರೆ ಸರಿದುಹೋಗುವುದು, ಎಲ್ಲಕ್ಕಿಂತ ಮುಖ್ಯವಾಗಿ ಮನುಷ್ಯನನ್ನು ಕಂಡರೆ ಮರೆಯಾಗುವುದು. ಪಾಲಕರ ಕೈಯಿಂದ ದಿನವೂ ಮಾಂಸ ತಿಂದು ಬೆಳೆದ ಹುಲಿಗೆ ಇವ್ಯಾವುವೂ ಇಲ್ಲ. ಅದಕ್ಕೆ ಮನುಷ್ಯ ಎಂದರೆ ಊಟ ತರುವವನು. ಅಂಥ ಹುಲಿಯನ್ನು ನಾಳೆ ಬಂಡೀಪುರಕ್ಕೆ ಬಿಟ್ಟರೆ ಎರಡರಲ್ಲಿ ಒಂದು ಆಗುತ್ತದೆ. ಆ ಜಾಗದ ಹುಲಿ ಅದನ್ನು ಕೊಲ್ಲುತ್ತದೆ, ಇಲ್ಲವೇ ಅದು ಊರಿನತ್ತ ನಡೆಯುತ್ತದೆ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ನಾಗರಹೊಳೆ, ಬಂಡೀಪುರಗಳಲ್ಲಿ ಹುಟ್ಟಿ ಬೆಳೆದ ಎಳೆಯ ಹುಲಿಗಳೇ ನೆಲ ಸಾಲದೆ ಅಂಚಿನ ಹೊಲಗಳಿಗೆ ಬರುತ್ತಿವೆ.

ಬಿಟ್ಟು ನೋಡಿದವರು ಇಲ್ಲದಿಲ್ಲ. ಬಿಲ್ಲಿ ಅರ್ಜನ್ ಸಿಂಗ್ 1976ರಲ್ಲಿ ಇಂಗ್ಲೆಂಡಿನ ಟ್ವೈಕ್ರಾಸ್ ಮೃಗಾಲಯದಿಂದ ತಾರಾ ಎಂಬ ಹುಲಿಮರಿಯನ್ನು ತಂದು ಸಾಕಿ ದುಧ್ವಾ ಕಾಡಿಗೆ ಬಿಟ್ಟರು. ಅವರಷ್ಟು ಹುಲಿ ಬಲ್ಲವರು ಆಗ ದೇಶದಲ್ಲಿ ಕಡಿಮೆ. ಆಮೇಲೆ ಆ ಭಾಗದಲ್ಲಿ ಜನ ಸತ್ತಾಗ ಬೆರಳು ತಾರಾ ಕಡೆಗೇ ತಿರುಗಿತು. 1980ರಲ್ಲಿ ಗುಂಡಿಗೆ ಬಲಿಯಾದ ನರಭಕ್ಷಕ ಹುಲಿ ತಾರಾಳೇ ಎಂದು ಅರಣ್ಯ ಇಲಾಖೆ ಹೇಳಿತು, ಅಲ್ಲ ಎಂದು ಅರ್ಜನ್ ಸಿಂಗ್ ಕೊನೆಯವರೆಗೂ ವಾದಿಸಿದರು. ತಾರಾಳ ರಕ್ತದಲ್ಲಿ ಸೈಬೀರಿಯಾ ಹುಲಿಯ ಅಂಶವಿತ್ತು ಎಂಬ ತಕರಾರು ಬೇರೆ. ಗೆದ್ದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡಲಾರೆ. ಮಧ್ಯಪ್ರದೇಶದ ಕಾನ್ಹಾದಲ್ಲಿ ತಾಯಿ ಸತ್ತ ಎರಡು ಅಕ್ಕತಂಗಿ ಹುಲಿಮರಿಗಳನ್ನು ಅಲ್ಲೇ ದೊಡ್ಡ ಆವರಣದಲ್ಲಿ ಜೀವಂತ ಬೇಟೆ ಕೊಟ್ಟು ಬೆಳೆಸಿ, 2011ರಲ್ಲಿ ಪನ್ನಾಕ್ಕೆ ಬಿಟ್ಟರು. ಇದ್ದಬದ್ದ ಹುಲಿಯನ್ನೆಲ್ಲ ಕಳೆದುಕೊಂಡಿದ್ದ ಕಾಡು ಅದು. ಅವು ಬದುಕಿದವು, ಮರಿಯನ್ನೂ ಹಾಕಿದವು. ಆದರೆ ಅವು ಕಾಡಿನ ತಾಯಿಗೆ ಹುಟ್ಟಿದವು, ಎಳವೆಯಿಂದಲೇ ಬೇಟೆಗೆ ಇಳಿದವು, ಹೋದ ಜಾಗದಲ್ಲಿ ಎದುರಾಳಿಗಳಿಂದ ತುಂಬಿದ ಕಾಡಿರಲಿಲ್ಲ. ಹೀಗೆ ಬೆಳೆಸಿದ ಅನಾಥ ಮರಿ ಕನಿಷ್ಠ 50 ಬೇಟೆ ಯಶಸ್ವಿಯಾಗಿ ಆಡಿದ ಮೇಲೆಯೇ ಬಿಡುಗಡೆಯ ಮಾತೆತ್ತಬೇಕು ಎನ್ನುತ್ತದೆ ಹುಲಿ ಸಂರಕ್ಷಣಾ ಪ್ರಾಧಿಕಾರದ ಕ್ರಮ. ನಮ್ಮ ಬನ್ನೇರುಘಟ್ಟದ ಮುದಿ ಹುಲಿಗೆ ಅಂಥ ಪರೀಕ್ಷೆ ಇಟ್ಟರೆ ಅದು ಹಸಿದು ಸಾಯುತ್ತದೆ.

ಸಾಕಿದ ಹುಲಿಯ ಮಾತಿರಲಿ, ಕಾಡಿನದೇ ಹುಲಿಯನ್ನು ಒಂದು ಕಡೆ ಹಿಡಿದು ಇನ್ನೊಂದು ಕಡೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2014ರ ಕೊನೆಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮನುಷ್ಯರ ಮೇಲೆ ಎರಗಿದ ಹುಲಿಯೊಂದನ್ನು ಸೆರೆಹಿಡಿದು, ಕೊರಳಿಗೆ ರೇಡಿಯೊ ಕಾಲರ್ ಕಟ್ಟಿ, ಬೆಳಗಾವಿ ಜಿಲ್ಲೆಯ ಭೀಮಗಡ ಅಭಯಾರಣ್ಯಕ್ಕೆ ಬಿಟ್ಟರು. ಡಿಸೆಂಬರ್‌ನಲ್ಲಿ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅದು ಒಬ್ಬ ಹೆಣ್ಣುಮಗಳನ್ನು ಕೊಂದಿತು. ತಿಂಗಳು ಮುಗಿಯುವುದರೊಳಗೆ ಹುಲಿಯೂ ಗುಂಡಿಗೆ ಸತ್ತಿತು. ಆ ಹಳ್ಳಿಯವರಿಗೆ ತಮ್ಮ ಕಾಡಿಗೆ ಹುಲಿ ತಂದು ಬಿಟ್ಟಿದ್ದಾರೆಂದು ಹೇಳಿದವರು ಯಾರು? ನೀವು ಅಭಯಾರಣ್ಯಕ್ಕೆ ಸಾಗಿಸಿ ಎಂದು ಬರೆಯುವಾಗ ನಿಮ್ಮ ಕಣ್ಣಿಗೆ ಬರೀ ಹಸಿರು ಕಾಣುತ್ತದೆ. ಅಲ್ಲಿ ಸೌದೆಗೆ ಹೋಗುವ ಹೆಂಗಸರಿದ್ದಾರೆ, ದನ ಕಾಯುವ ಮಕ್ಕಳಿದ್ದಾರೆ, ರಾತ್ರಿ ನೀರು ಹಾಯಿಸಲು ಹೊಲಕ್ಕೆ ಹೋಗುವ ರೈತರಿದ್ದಾರೆ. ನಮ್ಮ ಕರುಣೆಯ ಬೆಲೆಯನ್ನು ಅವರು ತೆರಬೇಕೆಂದು ಹೇಳುವ ಹಕ್ಕು ಜಯನಗರಕ್ಕಿಲ್ಲ.

ಈಗ ಎರಡನೇ ಅರ್ಜಿ. ಇದರ ಬಗ್ಗೆ ನನಗೆ ಹೆಚ್ಚು ಚಿಂತೆ, ಯಾಕೆಂದರೆ ಮೊದಲನೆಯದನ್ನು ಸರ್ಕಾರ ಪಕ್ಕಕ್ಕಿಡುತ್ತದೆ, ಎರಡನೆಯದನ್ನು ಜಾರಿ ಮಾಡುತ್ತದೆ. ಬೋನು ಬರುತ್ತದೆ, ಒಳಗೆ ನಾಯಿಯನ್ನೋ ಮೇಕೆಯನ್ನೋ ಕಟ್ಟುತ್ತಾರೆ, ಬಾಗಿಲು ಬೀಳುತ್ತದೆ.

ನಾವು ಚಿರತೆಗಳ ಊರಿಗೆ ಬಂದು ಮನೆ ಕಟ್ಟಿದ್ದೇವೆ ಎಂಬುದು ಬರೀ ಬಾಯಿಮಾತಲ್ಲ. ವನ್ಯಜೀವಿ ತಜ್ಞ ಸಂಜಯ್ ಗುಬ್ಬಿಯವರ ತಂಡ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನ 2025ರಲ್ಲಿ ಹೊರಬಂದಿದೆ. ಅದರ ಪ್ರಕಾರ ಬೆಂಗಳೂರಿನ ಸುತ್ತ 80ರಿಂದ 85 ಚಿರತೆಗಳಿವೆ. ಅವುಗಳಲ್ಲಿ 54 ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದಲ್ಲಿ, ಉಳಿದವು ತುರಹಳ್ಳಿ, ಬಿ.ಎಂ. ಕಾವಲ್, ಹೆಸರಘಟ್ಟದಂಥ ತುಂಡು ಕಾಡು, ಹುಲ್ಲುಗಾವಲುಗಳಲ್ಲಿ. ಅಂದರೆ ಬನಶಂಕರಿ 6ನೇ ಹಂತದಲ್ಲಿ ಮನೆ ಮಾಡಿದವರ ಹಿತ್ತಲಿನಾಚೆ ಚಿರತೆ ಇರುವುದು ಸಹಜ. ಅದು ಎಷ್ಟೋ ವರ್ಷದಿಂದ ಇದೆ. ನಾವು ಮಲಗಿದ ಮೇಲೆ ಬಂದು, ಬೀದಿನಾಯಿಯನ್ನೋ ಹಂದಿಯನ್ನೋ ಹಿಡಿದು, ಬೆಳಗಾಗುವ ಮುಂಚೆ ಬಂಡೆಗಳ ಮರೆಗೆ ಹೋಗುತ್ತದೆ. ಹೊಸತಾಗಿ ಬಂದಿರುವುದು ಚಿರತೆಯಲ್ಲ, ಸಿಸಿಟಿವಿ.

ಮಗು ಆಡುವ ಪಾರ್ಕಿನ ಪಕ್ಕ ಚಿರತೆ ಓಡಾಡಿದ ವಿಡಿಯೊ ನೋಡಿದ ತಾಯಿಗೆ ಈ ಲೆಕ್ಕ ಹೇಳಿ ಸಮಾಧಾನ ಮಾಡಲಾಗದು. ಆ ಭಯ ನಿಜ. ತಿ.ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆಯಿಂದ ಕೆಲವೇ ತಿಂಗಳಲ್ಲಿ ಚಿರತೆ ದಾಳಿಗೆ ಜನ ಸತ್ತಿದ್ದಾರೆ. ಅಂಥ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುತ್ತಿರುವುದು ಯಾರಿಗೂ ತೊಂದರೆ ಕೊಡದೆ ಕಣ್ಣಿಗೆ ಬಿದ್ದ ಚಿರತೆಯ ವಿಷಯ. ಅದನ್ನು ಹಿಡಿದರೆ ಆ ತಾಯಿಯ ಭಯ ಕಡಿಮೆಯಾಗಬೇಕಿತ್ತು. ಆಗುವುದು ಉಲ್ಟಾ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹೀಗೇ ಚಿರತೆಗಳನ್ನು ಹಿಡಿದು ಹಿಡಿದು ಕಾಡಿಗೆ ಬಿಟ್ಟರು. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯಾ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿ 2011ರಲ್ಲಿ ಪ್ರಕಟಿಸಿದರು. ಸಾಗಾಟಕ್ಕೂ ಮುಂಚೆ ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿ, ಅದು ಶುರುವಾದ ಮೇಲೆ 17ಕ್ಕೆ ಏರಿತ್ತು. ಬೋನಿನಲ್ಲಿ ಹಲ್ಲು ಉಗುರು ಮುರಿದುಕೊಂಡು, ಜನರ ಕೂಗಾಟದಲ್ಲಿ ಬೆದರಿ, ಗುರುತಿಲ್ಲದ ಜಾಗದಲ್ಲಿ ಇಳಿದ ಚಿರತೆ ತನ್ನ ನೆಲ ಹುಡುಕಿಕೊಂಡು ನಡೆಯುತ್ತದೆ, ದಾರಿಯಲ್ಲಿ ಹತ್ತಾರು ಊರು ಹಾಯುತ್ತದೆ. ಇತ್ತ ಅದು ಖಾಲಿ ಮಾಡಿದ ಜಾಗಕ್ಕೆ ಇನ್ನೊಂದು ಬರುತ್ತದೆ. ಅದು ಎಳೆಯದಾಗಿದ್ದರೆ, ಹಳೆಯದಕ್ಕೆ ಗೊತ್ತಿದ್ದ ಓಣಿಗಳು ಅದಕ್ಕೆ ಗೊತ್ತಿರುವುದಿಲ್ಲ.

ಬಿಟಿಎಂ ಲೇಔಟಿನವರಿಗೆ 2023ರ ನವೆಂಬರ್ 1 ನೆನಪಿರಬೇಕು. ರಾಜ್ಯೋತ್ಸವದ ದಿನ. ಕೂಡ್ಲು ಗೇಟ್ ಹತ್ತಿರ ಕೆಲವು ದಿನಗಳಿಂದ ಸುಳಿದಾಡುತ್ತಿದ್ದ ಚಿರತೆ ಪಾಳುಬಿದ್ದ ಕಟ್ಟಡವೊಂದರಲ್ಲಿ ಸಿಕ್ಕಿಕೊಂಡಿತು. ಸುತ್ತ ಜನ, ಕ್ಯಾಮೆರಾ, ಕಿರುಚಾಟ. ಸೆರೆಹಿಡಿಯುವ ಕಾರ್ಯಾಚರಣೆಯಲ್ಲಿ ಸಿಬ್ಬಂದಿಗೂ ಗಾಯವಾಯಿತು, ಚಿರತೆಗೂ ಗಾಯವಾಯಿತು. ಅದೇ ದಿನ ಅದು ಸತ್ತಿತು. ಸಾಯುವವರೆಗೂ ಅದು ಈ ನಗರದಲ್ಲಿ ಒಬ್ಬ ಮನುಷ್ಯನನ್ನೂ ಕೊಂದಿರಲಿಲ್ಲ.

ಹಿಡಿದ ಮೇಲೆ ಬದುಕಿದವು ಎಲ್ಲಿಗೆ ಹೋಗುತ್ತವೆ? ಒಂದಷ್ಟನ್ನು ಕಾಡಿಗೆ ಬಿಡುತ್ತಾರೆ. ಗಾಯಗೊಂಡವು, ಜನರ ಮೇಲೆ ಬಿದ್ದವು, ಕಬ್ಬಿನ ಗದ್ದೆಯಲ್ಲಿ ತಾಯಿಯಿಂದ ಬೇರಾದ ಮರಿಗಳು ಮೈಸೂರಿನ ಕೂರ್ಗಳ್ಳಿ ಪುನರ್ವಸತಿ ಕೇಂದ್ರಕ್ಕೆ, ಬನ್ನೇರುಘಟ್ಟಕ್ಕೆ ಹೋಗುತ್ತವೆ, ಜೀವನಪೂರ್ತಿ ಅಲ್ಲೇ ಉಳಿಯುತ್ತವೆ. ನೀವು ಮೊದಲ ಅರ್ಜಿಯಲ್ಲಿ ಬಿಡಿಸಿ ಎಂದು ಕಣ್ಣೀರಿಟ್ಟ ಚಿರತೆಗಳು ಇವೇ! ಎರಡನೇ ಅರ್ಜಿಯಂಥದೇ ಇನ್ನೆಲ್ಲಿಯದೋ ಒಂದು ಅರ್ಜಿ ಅವುಗಳನ್ನು ಅಲ್ಲಿಗೆ ಕಳಿಸಿದೆ. ಒಂದೆಡೆ ತುಂಬಾ ಪ್ರಾಣಿ ಸೇರಿದರೆ ಕಾಯಿಲೆಗೂ ದಾರಿಯಾಗುತ್ತದೆ. 2023ರ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಬೆಕ್ಕಿನ ಜಾತಿಗೆ ತಗಲುವ ಪ್ಯಾನ್‌ಲ್ಯೂಕೋಪೀನಿಯಾ ಸೋಂಕಿಗೆ ಬನ್ನೇರುಘಟ್ಟದಲ್ಲಿ 7 ಚಿರತೆ ಮರಿಗಳು ಸತ್ತವು. ಲಸಿಕೆ ಹಾಕಿಸಿದ್ದರೂ ಸತ್ತವು. ಪಾಲಕರು, ವೈದ್ಯರು ಆ ದಿನಗಳಲ್ಲಿ ಪಟ್ಟ ಪಾಡು ಯಾರ ಅರ್ಜಿಯಲ್ಲೂ ಇಲ್ಲ.

ಹಾಗಾದರೆ ಬಂಧನದಲ್ಲಿರುವವು ಅಲ್ಲೇ ಕೊಳೆಯಲಿ ಎನ್ನುತ್ತೀರಾ ಎಂದು ನೀವು ಕೇಳಬಹುದು. ಇಲ್ಲ. ಬಿಡುಗಡೆಗೂ ಪಂಜರಕ್ಕೂ ನಡುವೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಬೊಲಿವಿಯಾ ದೇಶ 2009ರಲ್ಲಿ ಸರ್ಕಸ್ಸಿನಲ್ಲಿ ಪ್ರಾಣಿಗಳನ್ನೇ ನಿಷೇಧಿಸಿತು. 2011ರಲ್ಲಿ ಅಲ್ಲಿನ 25 ಸಿಂಹಗಳು ವಿಮಾನವೇರಿ ಅಮೆರಿಕದ ಕೊಲರಾಡೊಗೆ ಹೋದವು. ಕಾಡಿಗಲ್ಲ, ಬಯಲಿನಲ್ಲಿ ಎಕರೆಗಟ್ಟಲೆ ಬೇಲಿ ಹಾಕಿದ ಆಶ್ರಯಧಾಮಕ್ಕೆ. ಲಾರಿಯ ಪೆಟ್ಟಿಗೆಯಲ್ಲೇ ಬದುಕು ಕಳೆದಿದ್ದ ಸಿಂಹಗಳು ಮೊದಲ ಬಾರಿ ಮಣ್ಣಿನ ಮೇಲೆ ಓಡಿದವು. ನಾವು ಕೇಳಬೇಕಾದದ್ದು ಅಂಥದ್ದು. ಬನ್ನೇರುಘಟ್ಟದಲ್ಲಿ 2024ರ ಜೂನ್‌ನಲ್ಲಿ ಶುರುವಾದ ಚಿರತೆ ಸಫಾರಿ 20 ಹೆಕ್ಟೇರ್ ಬಂಡೆ, ಕುರುಚಲು ಕಾಡಿನಲ್ಲಿದೆ. ಸಣ್ಣ ಬೋನಿಗಿಂತ ಅದು ಎಷ್ಟೋ ಪಾಲು ಮೇಲು, ಸಂತೋಷವೇ. ಆದರೆ ಆ ಜಾಗ ಪ್ರಾಣಿಗಾಗಿಯೋ ಬಸ್ಸಿಗಾಗಿಯೋ ಎಂಬ ಪ್ರಶ್ನೆಯನ್ನು ನಾವು ಬಿಡದೆ ಕೇಳುತ್ತಿರಬೇಕು. ಜಿಮ್ ಕಾರ್ಬೆಟ್ ಉದ್ಯಾನದ ಪಖ್ರೋ ಸಫಾರಿ ಪ್ರಕರಣದಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹುಲಿಕಾಡಿನ ಸಫಾರಿಗೆ ಮೃಗಾಲಯದ ಹುಲಿಗಳನ್ನು ತಂದು ತುಂಬುವುದನ್ನು ಒಪ್ಪಲಿಲ್ಲ. ಗಾಯಗೊಂಡ, ಅನಾಥವಾದ ಪ್ರಾಣಿಗಳ ಆರೈಕೆಗೆ ಸಫಾರಿ ಇರಬೇಕೇ ಹೊರತು ಪ್ರದರ್ಶನಕ್ಕಲ್ಲ ಎಂಬ ಆ ನಿಲುವು ನಮ್ಮ ಬನ್ನೇರುಘಟ್ಟಕ್ಕೂ ದಾರಿ ತೋರಬೇಕು.

ಇನ್ನು ನಿಜವಾದ ಬಿಡುಗಡೆಯ ಮಾತು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಕಾವೇರಿ ವನ್ಯಧಾಮದ ಮೂಲಕ ಮಲೆ ಮಹದೇಶ್ವರ, ಬಿಳಿಗಿರಿರಂಗನ ಬೆಟ್ಟಗಳವರೆಗೆ ಬೆಸೆದುಕೊಂಡಿರುವ ಕಾಡಿನ ಉತ್ತರದ ತುದಿ. ನಮ್ಮ ಮನೆಗಳಿಂದ ಒಂದು ಗಂಟೆಯ ದಾರಿಯಲ್ಲಿ ಆನೆ ಮತ್ತು ಚಿರತೆ ಸ್ವತಂತ್ರವಾಗಿ ತಿರುಗುವ ಕಾಡಿದೆ. ಅದರ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಮಾರ್ಚ್‌ನ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ನೂರು ಚದರ ಕಿಲೋಮೀಟರ್ ನೆಲ ಕಲ್ಲುಗಣಿಗೂ ಲೇಔಟಿಗೂ ತೆರೆದುಕೊಂಡಿತು. ಆಗ ಬೀದಿಗಿಳಿದು ಫಲಕ ಹಿಡಿದ ನಾಗರಿಕರಿದ್ದರು, ಅವರಿಗೆ ನನ್ನ ನಮಸ್ಕಾರ. ಆದರೆ ಅವರ ಸಂಖ್ಯೆ ಚಿರತೆ ಹಿಡಿಯಿರಿ ಎಂದು ಸಹಿ ಮಾಡಿದವರ ಸಂಖ್ಯೆಯ ಹತ್ತಿರಕ್ಕೂ ಬರಲಿಲ್ಲ. ಕಾಡಿನ ಅಂಚಿನ ಜಾಹೀರಾತು ನೋಡಿ ಸೈಟು ಕೊಂಡವರು, ಕಾಡಿನವರು ಬಂದಾಗ ದೂರು ಕೊಡುವುದು ನ್ಯಾಯವಲ್ಲ.

ಆದ್ದರಿಂದ ನಾನೇ ಮೂರನೆಯ ಅರ್ಜಿಯೊಂದನ್ನು ಬರೆದಿದ್ದೇನೆ. ಪ್ರದರ್ಶನಕ್ಕೆಂದು ಬಂಧನದಲ್ಲಿ ಮರಿ ಮಾಡಿಸುವುದು ನಿಲ್ಲಲಿ. ಮುಪ್ಪಾದ, ಅಂಗ ಊನವಾದ ಪ್ರಾಣಿಗಳಿಗೆ ಜನರ ಕಣ್ಣಿನಿಂದ ದೂರ, ಮರದ ನೆರಳಿರುವ ಆವರಣ ಸಿಗಲಿ. ರಾಜ್ಯದ ಮೃಗಾಲಯ ಪ್ರಾಧಿಕಾರ ಪಾಲಕರನ್ನು ಕಾಯಂ ಮಾಡಿ ಅವರಿಗೆ ಮರ್ಯಾದೆಯ ಸಂಬಳ ಕೊಡಲಿ. ಮನುಷ್ಯರಿಗೆ ಅಪಾಯವಾಗದ ಹೊರತು ಚಿರತೆಗೆ ಬೋನು ಇಡಬಾರದು. ಸೂಕ್ಷ್ಮ ವಲಯ 2016ರ ಗಡಿಗೆ ಮರಳಲಿ. ಇಷ್ಟು ಸರ್ಕಾರಕ್ಕೆ. ನಮಗೂ ಒಂದಷ್ಟು ಇದೆ. ಬನಶಂಕರಿ, ಕನಕಪುರ ರಸ್ತೆ ಕಡೆಯವರು ಖಾಲಿ ಸೈಟಿಗೆ ಕಸ ಸುರಿಯುವುದನ್ನು ನಿಲ್ಲಿಸಬೇಕು. ಕಸಕ್ಕೆ ನಾಯಿ ಸೇರುತ್ತದೆ, ನಾಯಿಗೆ ಚಿರತೆ ಬರುತ್ತದೆ. ಮಕ್ಕಳನ್ನು ಸಂಜೆ ಮೇಲೆ ಕಾಡಿನಂಚಿನಲ್ಲಿ ಒಂಟಿಯಾಗಿ ಬಿಡಬಾರದು. ಚಿರತೆ ಕಂಡರೆ ಗುಂಪು ಸೇರದೆ ಅರಣ್ಯ ಇಲಾಖೆಗೆ ತಿಳಿಸಿ ಒಳಗಿರಬೇಕು. ಸಫಾರಿಗೆ ಹೋದಾಗ ಕೂಗಬಾರದು, ಕಿಟಕಿಯಿಂದ ಕೈ ಹಾಕಬಾರದು. ಹುಟ್ಟುಹಬ್ಬಕ್ಕೆ ಹಾಲ್ ಬಾಡಿಗೆಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಬನ್ನೇರುಘಟ್ಟದ ದತ್ತು ಯೋಜನೆಗೆ ಕೊಟ್ಟರೆ ಒಂದು ಮುದಿ ಪ್ರಾಣಿಯ ಊಟ, ಔಷಧಿಗೆ ಆಗುತ್ತದೆ. ಮರಿ ಹುಲಿಯನ್ನೇ ಕೇಳಬೇಡಿ, ಯಾರೂ ಕೇಳದ ಮುದಿ ಪ್ರಾಣಿಯನ್ನು ಕೇಳಿ ಪಡೆಯಿರಿ.

ನಿಮ್ಮ ಎರಡೂ ಅರ್ಜಿಗಳನ್ನು ಹಿಂದಕ್ಕೆ ಪಡೆಯಬೇಕೆಂದು ಕೈಮುಗಿದು ಕೇಳುತ್ತೇನೆ. ಈ ಮೂರನೆಯದನ್ನು ಓದಿ, ತಿದ್ದುಪಡಿ ಬೇಕಿದ್ದರೆ ಹೇಳಿ, ಒಪ್ಪಿಗೆಯಾದರೆ ಸಹಿ ಹಾಕಿ.

ನಿಮ್ಮ ವಿಶ್ವಾಸಿ,
ಜಯನಗರದ ಒಬ್ಬ ನಿವಾಸಿ